ಆರು ಕುರ್ಚಿ, ಒಂದು ಮಣೆ

ಮೈಸೂರಿನ ಶ್ರೀರಾಂಪುರ ಎರಡನೇ ಹಂತದ ಆ ಮನೆಯ ಹಜಾರದಲ್ಲಿ ಆರು ಕುರ್ಚಿಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಹೊಸಬರು ಹೊಸಿಲು ದಾಟಿದೊಡನೆ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ, ಹರಾಜು ಮಳಿಗೆಗೇನಾದರೂ ಬಂದೆವೋ ಎಂದು. ಹಳಬರು ಮಾತ್ರ ತಮ್ಮ ತಮ್ಮ ಕುರ್ಚಿಯನ್ನು ಗೊತ್ತು ಮಾಡಿಕೊಂಡಿದ್ದಾರೆ.

ಮನೆಯ ಯಜಮಾನರು ಇವನ್ನು ಸಂಗ್ರಹಿಸಿದವರಲ್ಲ. ಬದುಕು ಸಾಗಿದ ಹಾಗೆ ಒಂದೊಂದೇ ಬಂದು ಸೇರಿಕೊಂಡವು. ಅಗ್ರಹಾರದ ವಠಾರದಲ್ಲಿದ್ದಾಗ, ಮುಚ್ಚಿಹೋದ ಕಾಫಿ ಹೋಟೆಲೊಂದರಿಂದ ಬಂದದ್ದು ಬಾಗುಮರದ ಕುರ್ಚಿ. ಕುವೆಂಪುನಗರದ ಬಾಡಿಗೆ ಮನೆಗೆ ಹೋದಾಗ ಪ್ಲಾಸ್ಟಿಕ್ ವೈರ್ ಹೆಣೆದ ಸ್ಟೀಲ್ ಪೈಪಿನದು. ಕಚೇರಿಯ ಹರಾಜಿನಲ್ಲಿ ಹಿಡಿದದ್ದು ಕೈಗಳಿರುವ ತೇಗದ ಕುರ್ಚಿ. ಅದು ಅವರದೇ, ಬೇರೆಯವರು ಕೂರುವುದು ಕಡಿಮೆ. ಮಗನ ನಾಮಕರಣಕ್ಕೆ ತಂದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಉಳಿದದ್ದು ಒಂದು. ರಸ್ತೆ ಬದಿಯಲ್ಲಿ ಚೌಕಾಸಿ ಮಾಡಿ ಕೊಂಡದ್ದು ಬುಟ್ಟಿಯಂಥ ದುಂಡನೆಯ ಬೆತ್ತದ ಕುರ್ಚಿ. ಕೊನೆಯದು, 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದ ಮಗ ಮನೆಯಿಂದಲೇ ಕೆಲಸ ಮಾಡಲು ತರಿಸಿದ, ಐದು ಚಕ್ರಗಳ ಕಪ್ಪು ಕುರ್ಚಿ. ಮಗ ವಾಪಸು ಹೋದ, ಕುರ್ಚಿ ಹೋಗಲಿಲ್ಲ.

ಈ ಪೈಕಿ ಯಾವುದಕ್ಕೂ ವಂಶಾವಳಿಯ ಕೊರತೆಯಿಲ್ಲ. ಬಾಗುಮರದ ಕುರ್ಚಿಯ ಮೂಲಪುರುಷನನ್ನು ಮಿಖಾಯೆಲ್ ಥೋನೆಟ್ 1859ರಲ್ಲಿ ತಯಾರಿಸಿದ. ಹಬೆಯಲ್ಲಿ ಬೇಯಿಸಿ ಬಗ್ಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಕಳಚಿ ಇಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. (ಕಳಚಿ ಜೋಡಿಸುವ ಆಸನ ಮೈಸೂರಿನವರಿಗೆ ಹೊಸದಲ್ಲ ಬಿಡಿ, ಅರಮನೆಯ ರತ್ನಖಚಿತ ಸಿಂಹಾಸನವನ್ನೂ ನವರಾತ್ರಿಗೆ ಜೋಡಿಸಿ, ಆಮೇಲೆ ಬಿಡಿಸಿ ಭದ್ರಪಡಿಸುತ್ತಾರೆ.) ಸ್ಟೀಲ್ ಪೈಪು ಮನೆಯ ಕುರ್ಚಿಗೆ ಬಂದದ್ದು ಸೈಕಲ್ಲಿನಿಂದ. ಜರ್ಮನಿಯ ಬೌಹೌಸ್ ಶಾಲೆಯ ಮಾರ್ಸೆಲ್ ಬ್ರಾಯರ್ ತನ್ನ ಸೈಕಲ್ಲಿನ ಹ್ಯಾಂಡಲನ್ನು ನೋಡಿ, ಇದನ್ನು ಹೀಗೆ ಬಗ್ಗಿಸಬಹುದಾದರೆ ಕುರ್ಚಿಯನ್ನೇಕೆ ಬಗ್ಗಿಸಬಾರದು ಎಂದು 1925ರ ಸುಮಾರಿಗೆ ಹೊರಟ. ಬೆತ್ತದ ಹೆಣಿಗೆಯಂತೂ ನಮ್ಮಲ್ಲಿ ಕಣ್ಣು ಕಾಣದವರಿಗೆ ಕಲಿಸುತ್ತಿದ್ದ ಕಸುಬು. ಸರ್ಕಾರಿ ಕಚೇರಿಯ ಎಷ್ಟೋ ಸಾಹೇಬರು ಅವರ ಬೆರಳ ನಂಬಿಕೆಯ ಮೇಲೆ ಕೂತವರು.

ತೇಗದ ಕುರ್ಚಿಯನ್ನು ಮಗ ಗುಜರಿ ಎಂದಾಗಲೆಲ್ಲ ಯಜಮಾನರು ಚಂಡೀಗಢದ ಕಥೆ ತೆಗೆಯುತ್ತಾರೆ. ಐವತ್ತರ ದಶಕದಲ್ಲಿ ಆ ಹೊಸ ಊರಿನ ಕಚೇರಿಗಳಿಗೆಂದು ಪಿಯೆರ್ ಜೆನ್ನರೆ ಮತ್ತು ಸಂಗಡಿಗರು ರೂಪಿಸಿದ ತೇಗ-ಬೆತ್ತದ ಕುರ್ಚಿಗಳು ಮುಂದೆ ಮುರುಕಲೆಂದು ಹರಾಜಾದವು; ಅವೇ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. “ನಮ್ದೂ ಹಾಗೇ ಇರಬಹುದು ಕಣೋ” ಎನ್ನುತ್ತಾರೆ. ಇರಲಾರದು. ಆದರೂ ಮಗ ಸುಮ್ಮನಾಗುತ್ತಾನೆ.

ಅವನು ಸುಮ್ಮನಾಗದ ದಿನವೂ ಬಂತು. ಅವನಿಗೆ ಹೆಣ್ಣು ಕೊಡಲು ಯೋಚಿಸಿದ್ದವರು ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಇವನ್ನೆಲ್ಲ ಸಾಗಹಾಕಿ ಒಂದು ಸೋಫಾ ಸೆಟ್ ತರೋಣವೆಂದು ಮಗನ ಹಟ. ನಾಲ್ಕು ದಿನಕ್ಕೆ ಸೋಫಾ ಬರುವುದಿಲ್ಲವೆಂದು ಗೊತ್ತಾದ ಮೇಲೆ, ಇರುವುದನ್ನೇ ಹೊಂದಿಸುವ ಕೆಲಸಕ್ಕೆ ತಂದೆ-ಮಗ ಇಳಿದರು.

ಹೊಂದಿಸಲು ಕೂತಾಗ ತಿಳಿದದ್ದು, ಕುರ್ಚಿಗಳ ಆಕಾರ ಬೇರೆಯಾದರೆ ಕಣ್ಣು ಬೇಗ ಒಗ್ಗುತ್ತದೆ, ಎತ್ತರ ಬೇರೆಯಾದರೆ ಒಗ್ಗುವುದಿಲ್ಲ. ಆಸನದ ಎತ್ತರವೆಂದರೆ ನಮ್ಮಲ್ಲಿ ಮರ್ಯಾದೆಯ ವಿಷಯ. ಬೀಗರಾಗುವವರು ಬೆತ್ತದ ಬುಟ್ಟಿಯಲ್ಲಿ ಕುಸಿದು, ಗಂಡಿನ ತಂದೆ ಎತ್ತರದಲ್ಲಿ ವಿರಾಜಮಾನರಾದರೆ ಮಾತು ಶುರುವಾಗುವ ಮೊದಲೇ ಕೆಟ್ಟಿತು! ಟೇಪು ಹಿಡಿದು ಅಳೆದರು. ತೇಗದ್ದು ಹದಿನೇಳೂವರೆ ಅಂಗುಲ, ಬಾಗುಮರದ್ದು ಹದಿನೆಂಟು, ಸ್ಟೀಲು, ಪ್ಲಾಸ್ಟಿಕ್ಕು ಎರಡೂ ಹದಿನೇಳರ ಹತ್ತಿರ. ಬೆತ್ತದ್ದು ಮಾತ್ರ ಹದಿನಾಲ್ಕೂವರೆ. ಅದಕ್ಕೆ ದಪ್ಪ ದಿಂಬು ಹಾಕಿ ಮೇಲೆತ್ತಿದರು. ಐದಕ್ಕೂ ಒಂದೇ ಕೈಮಗ್ಗದ ಬಟ್ಟೆಯ ಮೆತ್ತೆ ಹೊಲಿಸಿದರು. ಗೋಡೆಗೆ ಸಾಲಾಗಿ ಆನಿಸಿದ್ದರೆ ದವಾಖಾನೆಯ ಹಾಗೆ ಕಾಣುತ್ತಿತ್ತು. ಒಂದು ಜಮಖಾನದ ಸುತ್ತ ಎದುರುಬದುರು ಇಟ್ಟ ಮೇಲೆ ಬೇರೆ ಬೇರೆ ಊರಿನ ನೆಂಟರು ಹರಟೆಗೆ ಕೂತ ಹಾಗಾಯಿತು. ಚಕ್ರದ ಕುರ್ಚಿ ಕೋಣೆಗೆ ಹೋಯಿತು. ಚೆನ್ನಾಗಿಯೇ ಇತ್ತು.

ಬಂದವರು ನಾಲ್ಕು ಜನ: ಹುಡುಗಿಯ ತಂದೆ, ತಾಯಿ, ಸೋದರಮಾವ, ಅಜ್ಜಿ. ಐದನೆಯದರಲ್ಲಿ ಯಜಮಾನರು. ಮಗ ನಿಂತು ಓಡಾಡುವವನು. ಲೆಕ್ಕ ಸರಿಯಾಗಿತ್ತು.

ಉಪ್ಪಿಟ್ಟು, ಕಾಫಿ ಆಯಿತು. ಮನೆಯಾಕೆ ಅಡಿಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಿಗೆ ನಗುತ್ತಿದ್ದರು. ಅಜ್ಜಿ ನೋಡುವಷ್ಟು ನೋಡಿ, “ನೀವೂ ಬಂದು ಕೂತ್ಕೊಳ್ಳಿಮ್ಮಾ, ಎಷ್ಟೊತ್ತು ನಿಂತಿರ್ತೀರಿ?” ಎಂದರು.

ಹಜಾರದಲ್ಲಿ ಕುರ್ಚಿ ಇರಲಿಲ್ಲ. ನಾಲ್ಕು ದಿನ ಅಂಗುಲಗಳ ಲೆಕ್ಕ ಹಾಕಿದವರು ಈಕೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಕೆಯೂ ಹಿಡಿದಿರಲಿಲ್ಲವೆನ್ನಿ. ವಠಾರದ ಕಾಲದಿಂದ ಅವರ ಜಾಗ ಆ ಹೊಸಿಲ ಬಳಿಯ ಮಣೆ. ಗಂಡಸರ ಮಾತು ಹಜಾರದಲ್ಲಿ ನಡೆಯುವಾಗ ಅಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುವುದು ರೂಢಿ. ಮಂಡಿ ಸವೆದಿದೆ, ನೆಲದ ಮೇಲೆ ಕೂರಬೇಡಿ ಎಂದು ವೈದ್ಯರು ಹೇಳಿದ ಮೇಲೆ ಮಣೆ ಅಟ್ಟ ಸೇರಿತ್ತು. ಮಣೆಯ ಬದಲಿಗೆ ಏನು ಎಂದು ಯಾರೂ ಕೇಳಿರಲಿಲ್ಲ. ಹೀಗಾಗಿ ಆಕೆ ನಿಲ್ಲತೊಡಗಿದ್ದರು.

ಜಮಖಾನವೋ ಬೆಂಚೋ ಆಗಿದ್ದರೆ ಅಜ್ಜಿ ಸರಿದು ಜಾಗ ಕೊಡುತ್ತಿದ್ದರು, ಕುರ್ಚಿಯಲ್ಲಿ ಸರಿಯುವುದೆಲ್ಲಿಗೆ? ಮಗ ಓಡಿಹೋಗಿ ಚಕ್ರದ ಕುರ್ಚಿಯನ್ನು ತಳ್ಳಿಕೊಂಡು ಬಂದ. ತಾಯಿ ಸೀರೆ ಸರಿಪಡಿಸಿಕೊಂಡು ತುದಿಯಲ್ಲಿ ಕೂರಹೋದರು. ಕುರ್ಚಿ ಹಿಂದಕ್ಕೆ ಜಾರಿತು. ಮಗ ಹಿಡಿದುಕೊಂಡದ್ದರಿಂದ ಬೀಳಲಿಲ್ಲ, ಆದರೆ ಎರಡು ಕಾಲೂ ನೆಲದಿಂದ ಮೇಲೆದ್ದವು. ಎಲ್ಲರೂ ನಕ್ಕರು, ಆಕೆಯೂ ನಕ್ಕರು. ಕೈ ಮಾತ್ರ ಕುರ್ಚಿಯ ಅಂಚನ್ನು ಬಿಡಲಿಲ್ಲ. ಯಜಮಾನರು ಎದ್ದು ತೇಗದ ಕುರ್ಚಿಯನ್ನು ಆಕೆಗೆ ಬಿಟ್ಟು, ತಾವು ಮುಂದಿನ ಅರ್ಧ ಗಂಟೆ ಕಿಟಕಿಗೆ ಒರಗಿ ನಿಂತರು.

ಆ ಸಂಬಂಧ ಕೂಡಿಬರಲಿಲ್ಲ. ಕಾರಣ ಜಾತಕ; ಕುರ್ಚಿಗಳ ತಪ್ಪೇನೂ ಇಲ್ಲ.

ಅಂದು ಸಂಜೆ ಯಜಮಾನರು ಮತ್ತೆ ಟೇಪು ತೆಗೆದರು. “ಇದೇನ್ರೀ, ನನ್ನನ್ಯಾಕೆ ಅಳೀತೀರಿ?” ಎಂದು ಆಕೆ ಸಂಕೋಚಪಟ್ಟರೂ ಬಿಡಲಿಲ್ಲ. ಹಿಮ್ಮಡಿಯಿಂದ ಮಂಡಿಯ ಹಿಂಭಾಗಕ್ಕೆ ಹದಿನಾಲ್ಕೂವರೆ ಅಂಗುಲ. ಇಷ್ಟು ವರ್ಷ ಮನೆಗೆ ಬಂದ ಕುರ್ಚಿಗಳಲ್ಲಿ ಬೆತ್ತದ್ದೊಂದನ್ನು ಬಿಟ್ಟು ಯಾವುದರಲ್ಲೂ ಆಕೆಯ ಕಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ತೊಡೆಯ ಅಡಿಗೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು; ಅದನ್ನು ಆಕೆ ಕುರ್ಚಿಯ ಅಭ್ಯಾಸವಿಲ್ಲದ್ದಕ್ಕೆ ಎಂದುಕೊಂಡಿದ್ದರು. ಇದು ಒಬ್ಬರ ಮನೆಯ ಪಾಡಲ್ಲ. ಭಾರತೀಯರ ಮೈಯಳತೆಗಳನ್ನು ಊರೂರಿನಲ್ಲಿ ತೆಗೆದು, ವಿನ್ಯಾಸಕರ ಉಪಯೋಗಕ್ಕೆಂದು ದೇಬ್‌ಕುಮಾರ್ ಚಕ್ರವರ್ತಿ ಸಿದ್ಧಪಡಿಸಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ್ದು 1997ರಲ್ಲಿ. ಆ ವೇಳೆಗೆ ನಾವು ಪರರ ಕಾಲಳತೆಯ ಕುರ್ಚಿಗಳಲ್ಲಿ ಕೂತು ಬಹಳ ಕಾಲವಾಗಿತ್ತು.

ಹಾಗಾದರೆ ದಿಂಬು ತೆಗೆದ ಬೆತ್ತದ ಕುರ್ಚಿಯೇ ಸರಿಯಲ್ಲವೇ? ಅದರಲ್ಲಿ ಕೂರಿಸಿ ನೋಡಿದರು. ಕಾಲು ಹಾಯಾಗಿ ಊರಿತು. ಏಳಿಸಲು ಇಬ್ಬರು ಬೇಕಾದರು. ನೋಯುವ ಮಂಡಿಗೆ ಆಸನ ತಗ್ಗಿದಷ್ಟೂ ಏಳುವುದು ಕಷ್ಟ. ಊರಿಕೊಳ್ಳಲು ಗಟ್ಟಿ ಕೈಗಳೂ ಅದಕ್ಕಿಲ್ಲ. ಕೂರಲು ತಗ್ಗು ಬೇಕು, ಏಳಲು ಎತ್ತರ ಬೇಕು. ತೇಗದ ಕುರ್ಚಿಯ ಕಾಲು ಕತ್ತರಿಸಲು ಬಡಗಿಯನ್ನು ಕರೆಯುವುದೆಂದು ಮಾತಾಗುತ್ತಿರುವಾಗ ಆಕೆಯೇ, “ಅಟ್ಟದ ಮೇಲಿನ ಮಣೆ ಇಳಿಸಿಕೊಡಿ” ಎಂದರು. ಮಣೆಯ ಎತ್ತರ ಮೂರು ಅಂಗುಲ. ಹದಿನೇಳೂವರೆಯಲ್ಲಿ ಮೂರು ಕಳೆದರೆ ಎಷ್ಟೆಂದು ಟೇಪಿಲ್ಲದೆಯೇ ಗೊತ್ತಾಯಿತು.

ಈಗ ಸಂಜೆ ದೀಪ ಹಚ್ಚಿದ ಮೇಲೆ ಆಕೆ ತೇಗದ ಕುರ್ಚಿಯಲ್ಲಿ ಕೂತು, ಕಾಲಿನಿಂದಲೇ ಮಣೆಯನ್ನು ಎಳೆದುಕೊಳ್ಳುತ್ತಾರೆ. ಏಳುವಾಗ ಅದನ್ನು ಆಚೆ ತಳ್ಳಿ, ಕುರ್ಚಿಯ ಕೈಗಳನ್ನು ಊರಿಕೊಂಡು ಏಳುತ್ತಾರೆ. ಯಜಮಾನರು ಪ್ಲಾಸ್ಟಿಕ್ ಕುರ್ಚಿಗೆ ವರ್ಗವಾಗಿದ್ದಾರೆ. ಕಾಫಿಯನ್ನೂ ಅವರೇ ಮಾಡಿ ತರುತ್ತಾರೆಂದು ತಿಳಿಯಬೇಡಿ, ಅಷ್ಟು ದೂರ ಇನ್ನೂ ಬಂದಿಲ್ಲ.

ಮಗ ಸೋಫಾ ಸೆಟ್ಟಿನ ಮಾತು ಬಿಟ್ಟಿಲ್ಲ. ಫೋನಿನಲ್ಲಿ ಚಿತ್ರ ಕಳಿಸುತ್ತಾನೆ: ಬೂದುಬಣ್ಣದ್ದು, ಆಳವಾದದ್ದು, ಕೂತರೆ ಹೂತುಹೋಗುವಂಥದು. ತಾಯಿ ಎಲ್ಲವನ್ನೂ ಮೆಚ್ಚುಗೆಯಿಂದಲೇ ನೋಡಿ ಒಂದು ಮಾತು ಕೇಳುತ್ತಾರೆ.

“ಎಷ್ಟು ಅಂಗುಲ ಎತ್ತರಾನಪ್ಪಾ?”