ಸೋತ ಕೋಳಿಗೆ ಓಡಲು ಜಾಗ

"ಎರಡು ದಿನ ಕಿತ್ತಾಡ್ತವೆ, ಆಮೇಲೆ ಅವೇ ಸರಿಹೋಯ್ತವೆ." ಮನೆಗೆ ಹೊಸ ಕೋಳಿ ತಂದವರಿಗೆ ನಮ್ಮ ಹಾಸನ ಸೀಮೆಯಲ್ಲಿ ಸಿಗುವ ಬುದ್ಧಿಮಾತು ಇಷ್ಟೇ. ಚನ್ನರಾಯಪಟ್ಟಣದ ಕಡೆಯ ನನ್ನ ತವರಿನಲ್ಲೂ ಇದೇ ಮಾತು, ನಮ್ಮ ಅತ್ತೆ ಹುಟ್ಟಿ ಬೆಳೆದ ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲೂ ಇದೇ ಮಾತು. ಅದು ಸುಳ್ಳಲ್ಲ. ಹಾಗೇ ನಡೆಯುವುದನ್ನು ಚಿಕ್ಕಂದಿನಿಂದ ಕಣ್ಣಾರೆ ಕಂಡವಳು ನಾನು. ಅದನ್ನೇ ನಂಬಿ ಹೊಳೆನರಸೀಪುರದ ನಮ್ಮ ಹಿತ್ತಲಿಗೆ ಒಂದು ಜಗಳಗಂಟಿ ಹೇಂಟೆಯನ್ನು ತಂದು ಬಿಟ್ಟೆ. ಅತ್ತೆ ವರ್ಷಗಟ್ಟಲೆ ಸಾಕಿಕೊಂಡು ಬಂದಿದ್ದ ಗುಂಪು ದಿಕ್ಕಾಪಾಲಾಯಿತು, ಅದರಲ್ಲಿ ಹಿರಿಯದಾಗಿದ್ದ ಕೋಳಿ ಸತ್ತಿತು. ತಪ್ಪು ಆ ಹೇಂಟೆಯದೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ.

ನಮ್ಮದು 40-60ರ ಸೈಟು. ಮನೆ ಕಟ್ಟಿ ಉಳಿದ ಜಾಗವೇ ಹಿತ್ತಲು: ಒಂದು ನುಗ್ಗೆಮರ, ಒಂದು ಕರಿಬೇವು, ನಾಲ್ಕು ಬಾಳೆ, ಬಟ್ಟೆ ಒಗೆಯುವ ಕಲ್ಲು, ನೀರಿನ ಡ್ರಮ್ಮು. ಬೀದಿನಾಯಿಗಳ ಕಾಟ ತಡೆಯಲಾರದೆ ಸುತ್ತ ಆಳೆತ್ತರದ ಕಾಂಪೌಂಡು ಕಟ್ಟಿಸಿ, ಗೇಟಿಗೂ ಜಾಲರಿ ಬಡಿಸಿದ್ದೆವು. ಒಳಗಿರುವ ಕೋಳಿಗಳೆಲ್ಲ ಅತ್ತೆಯವು. ಅವರು ತವರಿನಿಂದ ತಂದ ನಾಟಿ ಕೋಳಿಯ ಸಂತಾನವೇ ಹೆಚ್ಚು, ಜೊತೆಗೆ ಎರಡು ಗಿರಿರಾಜ. ಗಿರಿರಾಜವನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು 1980ರ ದಶಕದಲ್ಲಿ ಹಿತ್ತಲಲ್ಲಿ ಸಾಕುವವರಿಗಾಗಿಯೇ ರೂಪಿಸಿದರು. ನಾಟಿ ಕೋಳಿ ವರ್ಷಕ್ಕೆ 60ರ ಆಸುಪಾಸು ಮೊಟ್ಟೆ ಇಟ್ಟರೆ ಇದು ಹೆಚ್ಚುಕಡಿಮೆ ಅದರ ಎರಡರಷ್ಟು ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಟ್ಟು ಮರಿ ಮಾಡಿಸುವುದು ಅತ್ತೆಯ ಪದ್ಧತಿ. ಮೊಟ್ಟೆ ಮಾರಿದ ದುಡ್ಡು ಅವರದೇ. ಮೊಮ್ಮಕ್ಕಳ ಪೆನ್ಸಿಲ್ಲಿನಿಂದ ಹಿಡಿದು ನಂಟರ ಮದುವೆಯ ಮುಯ್ಯಿಯವರೆಗೆ ಅದರಿಂದಲೇ ನಡೆಯುತ್ತಿತ್ತು. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಗುಂಪಿಗೆ ಹಿರಿಯಳು ಕೆಂಚಿ. ಕಂದುಗೆಂಪು ಮೈ, ಎಡಕ್ಕೆ ವಾಲಿದ ಜುಟ್ಟು. ನುಚ್ಚು ಎರಚಿದರೆ ಮೊದಲು ಬಾಯಿ ಹಾಕುವವಳು ಅವಳು. ಅವಳ ಮಗ್ಗುಲಲ್ಲಿ ನಿಂತು ತಿನ್ನಲು ಯಾರಿಗೆ ಸಲಿಗೆ, ಒಂದು ಮಾರು ದೂರದಲ್ಲಿ ಕಾಯಬೇಕಾದವಳು ಯಾರು, ಸಂಜೆ ಗೂಡಿನೊಳಗೆ ಮೇಲಿನ ಕೋಲು ಯಾರಿಗೆ, ಕೆಳಗಿನದು ಯಾರಿಗೆ, ಎಲ್ಲವೂ ನಿಗದಿ. ಅತ್ತೆಗೆ ಇದು ಬಾಯಿಪಾಠ. "ಇರು, ಅವಳು ತಿಂದಾಗ್ಲಿ, ಇವಳು ಆಮೇಲೆ ಬತ್ತಾಳೆ" ಎಂದು ನುಚ್ಚನ್ನು ಎರಡು ಕಂತಿನಲ್ಲಿ ಎರಚುತ್ತಿದ್ದರು. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬುವರು 1921ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದು ಇದನ್ನೇ. ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡಿ ನೋಡಿ ಬರೆದಿಟ್ಟುಕೊಂಡವರು ಅವರು. ತಾನು ಯಾರನ್ನು ಕುಟುಕಬಹುದು, ಯಾರಿಂದ ಕುಟುಕಿಸಿಕೊಳ್ಳಬೇಕು ಎನ್ನುವುದು ಗುಂಪಿನ ಪ್ರತಿ ಕೋಳಿಗೂ ಗೊತ್ತಿರುತ್ತದೆ. ಒಮ್ಮೆ ಅದು ಇತ್ಯರ್ಥವಾಯಿತೆಂದರೆ ದಿನಾ ಕಾದಾಡುವುದು ಬೇಡ, ಕತ್ತು ಸ್ವಲ್ಪ ಎತ್ತಿ ನೋಡಿದರೆ ಸಾಕು, ಎದುರಿನವಳು ಸರಿದುಕೊಳ್ಳುತ್ತಾಳೆ. ನಾನು ಇದನ್ನೆಲ್ಲ ಓದಿ ತಿಳಿದದ್ದು ಕೆಂಚಿ ಸತ್ತ ಮೇಲೆ. ಓದದೇ ಇದ್ದರೂ ನಡೆಯುತ್ತಿತ್ತು. ಪಕ್ಕದಲ್ಲೇ ಇದ್ದ ಅತ್ತೆಯನ್ನು ಕೇಳಬಹುದಿತ್ತು.

ಹೊಸ ಹೇಂಟೆಯನ್ನು ನೋಡಿದ್ದು ಚಿಕ್ಕಪ್ಪನ ತೆಂಗಿನ ತೋಟದಲ್ಲಿ. ಅಸೀಲ್ ಬೆರಕೆ. ಉದ್ದ ಕಾಲು, ನೆಟ್ಟಗಿನ ಕತ್ತು, ತಲೆಗೆ ಅಂಟಿಕೊಂಡ ಗಿಡ್ಡ ಜುಟ್ಟು, ಮೈಗೆ ಬಿಗಿಯಾಗಿ ಕೂತ ಕರಿಗರಿ. ಅಸೀಲ್ ತಲೆತಲಾಂತರದಿಂದ ಕಾಳಗಕ್ಕೆಂದೇ ಆಯ್ದು ಬೆಳೆಸಿದ ತಳಿ. ಕೋಳಿ ಪಂದ್ಯ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಆದರೆ ಕಾಯ್ದೆಯಿಂದ ತಳಿಯ ಗುಣ ಹೋಗುವುದಿಲ್ಲ. ಅದು ಹುಂಜಕ್ಕಷ್ಟೇ ಅಲ್ಲ, ಹೇಂಟೆಗೂ ಬರುತ್ತದೆ. ತೋಟದಲ್ಲಿ ಅದೇ ಗುಣ ಉಪಕಾರಕ್ಕೆ ಬರುತ್ತಿತ್ತು. ನಾನು ಹೋಗಿದ್ದ ದಿನ ಮರಿಗಳ ಹತ್ತಿರ ಸುಳಿದ ಮುಂಗುಸಿಯ ಮೇಲೆ ಅವಳು ರೆಕ್ಕೆ ಬಿಚ್ಚಿಕೊಂಡು ಎರಗಿ, ಬದುವಿನಾಚೆಗೆ ಅಟ್ಟಿ ಬಂದಳು. ಅಲ್ಲಿಗೆ ನನ್ನ ಮನಸ್ಸು ಅವಳಿಗೆ ಸೋತಿತು. ಮರಿಗಳು ಬೇರೆಯಾದ ಮೇಲೆ ಮತ್ತೆ ಹೋಗಿ ಅವಳನ್ನೇ ಕೇಳಿದೆ. ಚಿಕ್ಕಮ್ಮ ಬೇಡವೆಂದರು. "ಇದು ಗಯ್ಯಾಳಿ ಕಣವ್ವ. ಆ ಬಿಳೀ ಯಾಟೆ ತಗೊಂಡೋಗು, ಸಾಧು." ತವರಿನಿಂದ ಒಯ್ಯುವುದಾದರೆ ಎಲ್ಲಕ್ಕಿಂತ ಜೋರಾದದ್ದನ್ನೇ ಒಯ್ಯಬೇಕು ಎನ್ನುವ ಹಟ ನನ್ನದು. ಕಾಲು ಕಟ್ಟಿ, ಬ್ಯಾಗಿನಲ್ಲಿ ಕೂರಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಕೋಳಿಗೂ ಟಿಕೆಟ್ ತೆಗೆಸಿ ಬಸ್ಸಿನಲ್ಲಿ ತಂದೆ.

"ಒಂದೆಂಟು ದಿನ ಕುಕ್ಕೆ ಕೆಳಗೆ ಹಾಕನ?" ಎಂದರು ಅತ್ತೆ. "ಬಿಡಿ ಅತ್ತೆ, ಅವೇ ಸರಿಹೋಗ್ತವೆ" ಎಂದೆ. ಅವರು ಮತ್ತೆ ಮಾತಾಡಲಿಲ್ಲ. ನಾನು ಕಾಲಿನ ಹಗ್ಗ ಬಿಚ್ಚಿದೆ.

ಅವಳು ಎದ್ದು ಮೈ ಕೊಡವಿಕೊಂಡು ನೇರ ನುಚ್ಚಿನ ತಟ್ಟೆಗೆ ಹೋದಳು. ಕೆಂಚಿ ಕತ್ತು ಎತ್ತಿದಳು. ನಮ್ಮ ಹಿತ್ತಲಲ್ಲಿ ಯಾರನ್ನಾದರೂ ಸರಿಸಲು ಅಷ್ಟು ಸಾಕಾಗುತ್ತಿತ್ತು. ಹೊಸಬಳಿಗೆ ಅದು ಕಾಳಗದ ಕರೆ. ಕತ್ತಿನ ಗರಿ ನಿಗುರಿಸಿಕೊಂಡು ಇಬ್ಬರೂ ಎದೆಗೆ ಎದೆ ಕೊಟ್ಟು ಹಾರಿದರು. ಕೆಂಚಿಗೆ ವಯಸ್ಸಾಗಿತ್ತು. ನಾಲ್ಕೈದು ಏಟಿಗೆ ಸೋತು ತಿರುಗಿ ಓಡಿದಳು. ಸೋತವಳು ಓಡಿದಳು, ಇನ್ನು ಮುಗಿಯಿತು ಎಂದುಕೊಂಡು ನಾನು ಒಳಗೆ ಹೋದೆ.

ಮುಗಿದಿರಲಿಲ್ಲ. ಹಳ್ಳಿಯಲ್ಲಿ ಸೋತ ಕೋಳಿ ಓಡುತ್ತದೆ ಎಂದರೆ ನಿಜವಾಗಿಯೂ ಓಡಿಹೋಗುತ್ತದೆ. ಪಕ್ಕದ ಮನೆಯ ತಿಪ್ಪೆಗೆ, ಹುಲ್ಲಿನ ಮೆದೆಯ ಹಿಂದಕ್ಕೆ, ಬೇಲಿ ಸಂದಿಗೆ, ಗಾಡಿ ಕೆಳಕ್ಕೆ. ಗೆದ್ದವಳ ಕಣ್ಣಿಂದ ಮರೆಯಾಗುತ್ತದೆ. ಅಲ್ಲೇ ಏನಾದರೂ ಕೆದಕಿ ತಿಂದುಕೊಂಡು, ಹೊತ್ತು ಮುಳುಗುವಾಗ ಒಂದು ಅಂಚಿನಿಂದ ಬಂದು ಸೇರಿಕೊಳ್ಳುತ್ತದೆ. ನಾಳೆ ಸ್ವಲ್ಪ ಹತ್ತಿರ, ನಾಡಿದ್ದು ಇನ್ನಷ್ಟು ಹತ್ತಿರ. "ಅವೇ ಸರಿಹೋಯ್ತವೆ" ಎಂಬ ಮಾತು ನಿಂತಿರುವುದು ಈ ಬಯಲಿನ ಮೇಲೆ. ನಮ್ಮ ಕಾಂಪೌಂಡಿನೊಳಗೆ ಕೆಂಚಿ ಓಡಿದಳು, ಗೋಡೆ ಸಿಕ್ಕಿತು, ತಿರುಗಿದಳು, ಮತ್ತೆ ಹೊಸಬಳ ಎದುರಿಗೇ ಬಂದು ನಿಂತಳು. ಎದುರು ನಿಂತ ಕೋಳಿ ಸೋಲೊಪ್ಪಿಕೊಂಡಿದೆಯೋ ಮತ್ತೆ ಸವಾಲಿಗೆ ಬಂದಿದೆಯೋ ಎಂಬುದು ಗೆದ್ದವಳಿಗೆ ಮುಖ್ಯವಾಗಿ ತಿಳಿಯುವುದು ಹೀಗೆ: ಅದು ಕಣ್ಮುಂದಿನಿಂದ ತೊಲಗುತ್ತದೋ ಇಲ್ಲವೋ. ಕೆಂಚಿ ತೊಲಗಲಿಲ್ಲ, ತೊಲಗಲು ಎಡೆ ಇರಲಿಲ್ಲ. ಬೀದಿನಾಯಿಗಳಿಂದ ಕೋಳಿಗಳನ್ನು ಕಾಪಾಡಲೆಂದು ನಾವೇ ಕಟ್ಟಿಸಿದ ಗೋಡೆ ಅದು.

ಮರುದಿನ ಜುಟ್ಟು ಹರಿದು ರಕ್ತ ಬಂದಿತ್ತು. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಈಗಲೂ ಸಂಕಟ. ಕೆಂಪು ಕಂಡ ಕಡೆ ಕುಟುಕುವುದು ಕೋಳಿಯ ಸ್ವಭಾವ. ಕೆಂಚಿಯನ್ನು ಕಂಡರೆ ಸರಿದು ನಿಲ್ಲುತ್ತಿದ್ದ ನಮ್ಮವೇ ಕೋಳಿಗಳು, ಅವಳು ಎಳೆಮರಿಯಿಂದ ಸಾಕಿದ ಗಿರಿರಾಜಗಳು ಸಹ, ಆ ಗಾಯಕ್ಕೆ ಕುಟುಕತೊಡಗಿದವು. ಮೇಲಿದ್ದವಳು ಒಂದು ಮೆಟ್ಟಿಲು ಇಳಿಯಲಿಲ್ಲ, ಎಲ್ಲರಿಗಿಂತ ಕೆಳಕ್ಕೆ ಬಿದ್ದಳು. ನಾನು ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ ಮತ್ತೆ ಅಲ್ಲೇ ಬಿಟ್ಟೆ. ಹಚ್ಚಿದ್ದು ಸರಿ, ಅಲ್ಲೇ ಬಿಟ್ಟದ್ದು ತಪ್ಪು. ಗಾಯವಾದ ಕೋಳಿಯನ್ನು ಗಾಯ ಪೂರ್ತಿ ಒಣಗುವವರೆಗೆ ಬೇರೆ ಇಡಬೇಕು. ಪಶು ಆಸ್ಪತ್ರೆಯಲ್ಲಿ ಕೊಡುವ ನೇರಳೆ ಬಣ್ಣದ ಔಷಧಿಗೆ ಕೆಂಪನ್ನು ಮರೆಮಾಡುವ ಇನ್ನೊಂದು ಗುಣವೂ ಇದೆ. ಇದನ್ನು ಅಲ್ಲಿನ ಡಾಕ್ಟರು ಹೇಳುವಷ್ಟರಲ್ಲಿ ತಡವಾಗಿತ್ತು.

ಕೆಂಚಿ ನೀರಿನ ಡ್ರಮ್ಮಿನ ಹಿಂದೆ, ಗೋಡೆಗೂ ಡ್ರಮ್ಮಿಗೂ ನಡುವಿನ ಸಂದಿಯಲ್ಲಿ ಕೂರತೊಡಗಿದಳು. ಅಲ್ಲಿ ಕೂತಿದ್ದಾಳಲ್ಲ, ಕ್ಷೇಮವಾಗಿದ್ದಾಳೆ ಎಂದುಕೊಂಡೆ. ಒಂದು ಸಂಜೆ ಎತ್ತಿಕೊಂಡಾಗ ಕೈಗೆ ತೂಕವೇ ಹತ್ತಲಿಲ್ಲ. ಆ ಹೊತ್ತಿಗೆ ಹೊಟ್ಟೆತುಂಬ ಮೇದ ಕೋಳಿಯ ಕತ್ತಿನ ಬುಡದ ಚೀಲ ಬೆರಳಿಗೆ ಕಾಳುಕಾಳಾಗಿ ಸಿಗಬೇಕು. ಇವಳದು ಖಾಲಿ, ಚರ್ಮಕ್ಕೆ ಚರ್ಮ ಅಂಟಿತ್ತು. ಎದೆಮೂಳೆ ಅಂಗೈಗೆ ಚೂಪಾಗಿ ಒತ್ತಿತು. ಕುಟುಕು ತಿಂದು ಸತ್ತಳು ಎಂದು ನೆರೆಯವರಿಗೆ ಹೇಳಿದ್ದೆ. ಸತ್ತದ್ದು ಹಸಿವಿನಿಂದ. ಹಿತ್ತಲಿಗೆಲ್ಲ ಇದ್ದದ್ದು ಒಂದೇ ತಟ್ಟೆ, ಆ ತಟ್ಟೆಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ. ಇನ್ನೊಂದು ತಟ್ಟೆಯನ್ನು ಡ್ರಮ್ಮಿನ ಹಿಂದೆ ಇಡುವುದು ನನಗೆ ಹೊಳೆಯಲೇ ಇಲ್ಲ.

ಅಷ್ಟು ದಿನವೂ ಅತ್ತೆ ಏಕೆ ಸುಮ್ಮನಿದ್ದರು? ಅವರ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದಿದ್ದೆ. ಮೊಟ್ಟೆ ನಿಂತುಹೋಗಿತ್ತು, ಆ ವಾರಗಳಲ್ಲಿ ಅವರ ಕೈ ಬರಿದಾಗಿತ್ತು, ಆದರೂ ಒಂದು ಮಾತು ಆಡಿರಲಿಲ್ಲ. ಕೆಂಚಿಯನ್ನು ಕರಿಬೇವಿನ ಬುಡದಲ್ಲಿ ಹೂಳಿ ಬಂದು ಕೈ ತೊಳೆಯುವಾಗ ಕೇಳಿದೆ. "ನಿನ್ ತವರಿಂದ ಬಂದಿದ್ದು. ವಾಪಸ್ ಕಳ್ಸು ಅಂತ ಹೆಂಗ್ ಹೇಳ್ಲಿ ಮಗ?" ಎಂದರು. ಕೋಳಿಯನ್ನು ಬೇಡವೆಂದರೆ ನನ್ನ ತವರನ್ನೇ ಬೇಡವೆಂದ ಹಾಗಾದೀತು ಎಂದು ಅವರು ಅಂಜಿದ್ದರು. ನನ್ನ ಮನಸ್ಸು ನೋಯಬಾರದೆಂದು ತಮ್ಮ ಕೋಳಿಯನ್ನು ಕಳೆದುಕೊಂಡರು. ಈ ಕಥೆಯಲ್ಲಿ ನನ್ನ ದೊಡ್ಡ ಸೋಲು ಇದು. ಗೂಡು, ತಟ್ಟೆ, ಜಾಲರಿ ಎಲ್ಲ ಇದರ ನಂತರದವು.

ಆ ಹೇಂಟೆಯನ್ನು ಸ್ವಲ್ಪ ದಿನ ಕುಕ್ಕೆಯ ಕೆಳಗೆ ಕೂಡಿಹಾಕಿ ನೋಡಿದೆವು. ಗುಂಪಿನ ಜಗಳಗಂಟಿಯನ್ನು ಕೆಲದಿನ ಕಣ್ಣಿಂದ ಮರೆಮಾಡಿ ಮತ್ತೆ ಬಿಟ್ಟರೆ ಅವಳೇ ಹೊಸಬಳಾಗಿ, ಜೋರು ತಗ್ಗುವುದುಂಟು. ಸಾಧಾರಣ ನಾಟಿ ಕೋಳಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಇವಳಿಗೆ ನಡೆಯಲಿಲ್ಲ. ಚಿಕ್ಕಪ್ಪನ ತೋಟಕ್ಕೇ ವಾಪಸ್ಸು ಬಿಟ್ಟು ಬಂದೆ. ಅಲ್ಲಿ ಅವಳಿಂದ ಯಾರಿಗೂ ತೊಂದರೆಯಿಲ್ಲ. ಅವಳ ಕೈಗೆ ಸಿಕ್ಕು ಸೋತ ಕೋಳಿಗೆ ಓಡಿಹೋಗಲು ತೋಟವಿಡೀ ಇದೆ.

ವರ್ಷ ಕಳೆದ ಮೇಲೆ, ನಾನು ಹೇಳದೆ, ಅತ್ತೆಯೇ ಕೇಳಿದರು: "ಆ ಗಯ್ಯಾಳಿ ಮಕ್ಕಳಲ್ಲಿ ಎರಡು ಯಾಟೆ ತಕಬಾ. ಒಂದು ಬ್ಯಾಡ, ಎರಡು." ಒಂಟಿಯಾಗಿ ಬಂದದ್ದು ಗುಂಪಿನ ಎಲ್ಲರ ಕುಟುಕನ್ನೂ ಒಬ್ಬಳೇ ತಿನ್ನಬೇಕು, ಇಲ್ಲವೇ ಎಲ್ಲರ ಮೇಲೂ ಒಬ್ಬಳೇ ಏರಿಹೋಗಬೇಕು. ಜೊತೆಯಿದ್ದರೆ ಎರಡರ ಬಿಸಿಯೂ ತಗ್ಗುತ್ತದೆ. ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಹನಿ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು ಹಾಕಿಸಿದ್ದಾರೆಂದು ಕೇಳಿಕೊಂಡೇ ತಂದೆ. ಮೊದಲ ಸಲ ಅದನ್ನೂ ವಿಚಾರಿಸಿರಲಿಲ್ಲ. ಕೊಕ್ಕರೆ ರೋಗ ಬಂದಿದ್ದರೆ ಒಂದು ಕೋಳಿಗೆ ನಿಲ್ಲುತ್ತಿರಲಿಲ್ಲ, ಗೂಡಿಗೆ ಗೂಡೇ ಖಾಲಿಯಾಗುತ್ತಿತ್ತು. ಎರಡನ್ನೂ ಮೊದಲು ಮನೆಯ ಮುಂದಿನ ಕಡೆ ಬೇರೆಯೇ ಇಟ್ಟು, ತೂಕಡಿಕೆ, ಬೇಧಿ, ಕೆಮ್ಮು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಿತ್ತಲಿಗೆ ತಂದೆವು. ಬಂದ ಮೇಲೂ ನಡುವೆ ಜಾಲರಿ. ಅತ್ತೆ ನುಚ್ಚನ್ನು ಜಾಲರಿಯ ಎರಡೂ ಮಗ್ಗುಲಿಗೆ ಎರಚುತ್ತಿದ್ದರು. ಆಚೆಯವು ಈಚೆಯವು ಎದುರುಬದುರು ತಲೆ ಬಗ್ಗಿಸಿ ತಿನ್ನುತ್ತ ಮುಖ ಕಂಡು ಕಂಡು ಹಳತಾದವು. ಅಷ್ಟರೊಳಗೆ ನಾನು ಹಿತ್ತಲಲ್ಲಿ ಮೂರು ಕಡೆ ಬಿದಿರು ತಡಿಕೆಗಳನ್ನು ಗೋಡೆಗೆ ಓರೆಯಾಗಿ ಒರಗಿಸಿದೆ, ಒಂದು ಕಡೆಯಿಂದ ನುಗ್ಗಿದ ಕೋಳಿ ಇನ್ನೊಂದು ಕಡೆಯಿಂದ ಹೊರಬೀಳುವ ಹಾಗೆ. ಒಂದೇ ಬಾಯಿಯ ಮೂಲೆ ಅಡಗುತಾಣವಲ್ಲ, ಬೋನು. ಡ್ರಮ್ಮನ್ನು ಗೋಡೆಯಿಂದ ದೂರ ಸರಿಸಿದೆ. ತಟ್ಟೆಗಳು ನಾಲ್ಕಾದವು, ಒಂದರಿಂದ ನೋಡಿದರೆ ಇನ್ನೊಂದು ಕಾಣದಂತೆ. ಗೂಡಿನೊಳಗೆ ಕೂರುವ ಕೋಲುಗಳೂ ಹೆಚ್ಚಿದವು.

ಜಾಲರಿ ಯಾವತ್ತು ತೆಗೆಯುವುದೆಂದು ನಾನು ಹೇಳಲಿಲ್ಲ, ಅತ್ತೆಯನ್ನು ಕೇಳಿದೆ. "ಇನ್ನೂ ಬ್ಯಾಡ" ಎಂದರು. ಮತ್ತೊಂದು ವಾರ ಕಳೆದು ಕೇಳಿದೆ, "ಇನ್ನೂ ಬ್ಯಾಡ" ಎಂದರು. ಆಮೇಲೆ ಒಂದು ಸಂಜೆ, ಕೋಳಿಗಳು ಹೊಟ್ಟೆ ತುಂಬಿಸಿಕೊಂಡು ಗೂಡಿನ ಕಡೆ ಹೊರಡುವ ಹೊತ್ತಿಗೆ, ಅವರೇ ಜಾಲರಿ ಕಿತ್ತರು. ಮಾರನೆಯ ಬೆಳಗ್ಗೆ ಜಗಳ ಆಗದೇ ಇರಲಿಲ್ಲ. ಹೊಸದರಲ್ಲಿ ದೊಡ್ಡದು ಒಂದು ಗಿರಿರಾಜವನ್ನು ಅಟ್ಟಿಸಿಕೊಂಡು ಹೋಯಿತು, ಅದು ತಡಿಕೆಯ ಕೆಳಗೆ ನುಗ್ಗಿ ಆ ಕಡೆಯಿಂದ ಹೊರಬಿದ್ದು ಬಾಳೆಬುಡಕ್ಕೆ ಹೋಗಿ ಮಣ್ಣು ಕೆದಕತೊಡಗಿತು. ಅಟ್ಟಿಸಿಕೊಂಡು ಬಂದದ್ದು ತಡಿಕೆಯ ಮುಂದೆ ನಿಂತು ಎರಡು ಸಲ ಕತ್ತು ಕೊಂಕಿಸಿ ನೋಡಿ, ವಾಪಸ್ಸು ತಟ್ಟೆಗೆ ಹೋಯಿತು. ಆ ವಾರ ಮೊಟ್ಟೆ ಸ್ವಲ್ಪ ಇಳಿದವು, ನಿಲ್ಲಲಿಲ್ಲ. ಅದೇ ದೊಡ್ಡದು ಈಗ ಗಿರಿರಾಜನ ಮೊಟ್ಟೆಗಳ ಮೇಲೆ ಕಾವಿಗೆ ಕೂತಿದೆ. ಮರಿ ಒಡೆಯಲು 21 ದಿನ. ಅಷ್ಟರೊಳಗೆ ತಾಯಿ ಮರಿಗಳಿಗೆ ಪ್ರತ್ಯೇಕ ಜಾಲರಿ ಕಟ್ಟಿಕೊಡು ಎಂದು ಅತ್ತೆ ಹೇಳಿದ್ದಾರೆ. ಬಿದಿರು ತಂದಾಗಿದೆ, ತಂತಿ ತರಬೇಕು.