ಹ್ಯಾವ್‌ಲಾಕ್‌ನ ಮಾರ್ಚ್

ಮಾರ್ಚ್ 11, 2024, ಸೋಮವಾರ

ಅಂಡಮಾನಿನ ಈ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರೂ ಜೆಟ್ಟಿಯಲ್ಲಿ ಎಲ್ಲರ ಬಾಯಲ್ಲೂ ಹ್ಯಾವ್‌ಲಾಕೇ. ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ: ಪೂರ್ವ ಬಂಗಾಳದ ನಿರಾಶ್ರಿತರನ್ನು ಸರ್ಕಾರ ನೆಲೆಗೊಳಿಸಿದ ಊರುಗಳು. ತೆಂಗು, ಅಡಿಕೆ ತೋಟ ನೋಡಿದರೆ ನಮ್ಮ ಕರಾವಳಿಗೆ ಬಂದ ಹಾಗೇ ಇದೆ.

ಉಳಿದುಕೊಂಡ ಮನೆಯ ದೀದಿ ಬೀಗದ ಕೈ ಕೊಡುತ್ತಲೇ, ‘ದಾದಾ, ನೀರು ನೋಡಿಕೊಂಡು ಬಳಸಿ’ ಎಂದರು. ಬಾವಿಗೆ ಬಗ್ಗಿ ನೋಡಿದೆ. ತಳದಲ್ಲಿ ಕೆಸರು ಬಣ್ಣದ ಒಂದಿಷ್ಟು ನೀರು, ಅದರೊಳಗೆ ಮುಳುಗಿಯೂ ಮುಳುಗದ ಪಂಪಿನ ಪೈಪು. ಸಂಜೆ ಪಕ್ಕದ ರೆಸಾರ್ಟಿಗೆ ಟ್ಯಾಂಕರ್ ಬಂತು.

ಮಾರ್ಚ್ 12

ಬೆಳಿಗ್ಗೆ ಎಲಿಫೆಂಟ್ ಬೀಚ್. ಮೊಣಕಾಲುದ್ದ ನೀರಿನಲ್ಲಿ ಒಬ್ಬಾತ ಫೋಟೊಗಾಗಿ ಹವಳದ ಮೇಲೆಯೇ ನಿಂತಿದ್ದ. 2010ರಲ್ಲಿ ಕಡಲು ಕಾದು ಅಂಡಮಾನಿನ ಹವಳ ಬಿಳಿಚಿಕೊಂಡು ರಾಶಿರಾಶಿ ಸತ್ತಿತ್ತು. ಬಿಸಿಯನ್ನು ತಡೆಯುವುದು ಯಾವ ಪಂಚಾಯಿತಿಯ ಕೈಯಲ್ಲೂ ಇಲ್ಲ, ಕಾಲನ್ನಂತೂ ತಡೆಯಬಹುದಲ್ಲ!

ರಾಧಾನಗರ ಚೆಂದವೇ. 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಮನ್ನಣೆ ಸಿಕ್ಕ ಕಡಲತೀರ. ದಂಡೆಯ ಹಿಂದೆ ಎತ್ತರದ ಮರಗಳ ಕಾಡು ಇನ್ನೂ ನಿಂತಿದೆ.

ಮಾರ್ಚ್ 13

ರಾತ್ರಿಯೆಲ್ಲ ದೀದಿಯ ಬಾವಿಯದೇ ಯೋಚನೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಆದರೆ ಅದು ಮೇನಿಂದ ಡಿಸೆಂಬರ್‌ವರೆಗೆ. ಪ್ರವಾಸಿಗಳ ದಟ್ಟಣೆ ಏರುವುದು ಆಮೇಲೆ. ಮಳೆ ಇದ್ದಾಗ ಜನ ಇಲ್ಲ, ಜನ ಬಂದಾಗ ಮಳೆ ಇಲ್ಲ. ಸಣ್ಣ ದ್ವೀಪ, ನದಿಯೂ ಇಲ್ಲ. ದಂಡೆಯ ಬಾವಿಯಿಂದ ಅತಿಯಾಗಿ ಎಳೆದರೆ ಅಡಿಯಿಂದ ಉಪ್ಪು ನುಗ್ಗುತ್ತದೆ. ಕಡಲ ನೀರನ್ನೇ ಸಿಹಿ ಮಾಡೋಣವೆಂದರೆ ಅದಕ್ಕೆ ಕರೆಂಟು ಬೇಕು. ಇಲ್ಲಿಯ ಕರೆಂಟಿಗೆ ಹಡಗಿನಲ್ಲಿ ಡೀಸೆಲ್ ಬರಬೇಕು. ಉಳಿದ ಗಟ್ಟಿ ಉಪ್ಪುನೀರು ಮತ್ತೆ ಹವಳದ ಕಡೆಗೇ.

ಇಷ್ಟಿದ್ದೂ ನಿಯಮಗಳು ಸಡಿಲವಾಗಿವೆ. ಮೊದಲು ಭರತದ ಗೆರೆಯಿಂದ 200 ಮೀಟರ್ ಒಳಗೆ ಕಟ್ಟುವಂತಿರಲಿಲ್ಲ. 2019ರ ಅಧಿಸೂಚನೆ ಹ್ಯಾವ್‌ಲಾಕ್‌ನಂಥ ದ್ವೀಪಗಳಲ್ಲಿ ಅದನ್ನು 20 ಮೀಟರಿಗೆ ಇಳಿಸಿತು. ದಂಡೆಯ ಕಾಡಿಗೆ ಉಳಿದ ಜಾಗ ಎಷ್ಟು?

ಪ್ರವಾಸೋದ್ಯಮವೇ ಬೇಡ ಎನ್ನಲಾರೆ. ದೀದಿಯ ಮನೆ ನಡೆಯುವುದು ನಮ್ಮಂಥವರ ಬಾಡಿಗೆಯಿಂದಲೇ. ಆದರೆ ಹೊಸ ಕೋಣೆಗೆ ಪರವಾನಗಿ ಕೊಡುವ ಮುಂಚೆ ಬಾವಿಯನ್ನು ಮಾರ್ಚ್‌ನಲ್ಲಿ ಅಳೆಯಲಿ. ಜುಲೈಯಲ್ಲಿ ಅಳೆದರೆ ಎಲ್ಲ ರೆಸಾರ್ಟೂ ಪಾಸು.