ಎಡಗೈ ಕೊಕ್ಕೆ: ಕಡೂರಿನಿಂದ ತರೀಕೆರೆಗೆ

ದಸರಾ ರಜೆಗೆ ತಂಗಿಯ ಮಗಳು ಬೆಂಗಳೂರಿನಿಂದ ಕಡೂರಿಗೆ ಬಂದಳು. ರೈಲಿನಿಂದ ಇಳಿದವಳ ಒಂದು ಹೆಗಲಿಗೆ ಬಟ್ಟೆ ಚೀಲ, ಇನ್ನೊಂದಕ್ಕೆ ಒಂದು ಜೊತೆ ಕೆಂಪು ಬಾಕ್ಸಿಂಗ್ ಗ್ಲೌಸು. ಪ್ಲಾಟ್‌ಫಾರಂನಲ್ಲಿ ಕಡಲೆಕಾಯಿ ಮಾರುತ್ತಿದ್ದಾತ ಎರಡು ಸಲ ತಿರುಗಿ ನೋಡಿದ.

“ಇದನ್ನ ನಿಮಗೆ ವಾಪಸ್ ಕೊಡೋಣ ಅಂತ ತಂದೆ ಮಾಮ” ಎಂದು ಗ್ಲೌಸನ್ನು ನನ್ನ ಕೈಗೆ ಹಾಕಿದಳು. ಅವಳ ಹನ್ನೆರಡನೇ ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು ಅದು.

ನಾನು ಹದಿನೇಳು ವರ್ಷ ಸೈನ್ಯದಲ್ಲಿದ್ದವನು. ನಮ್ಮ ತುಕಡಿಯ ತಂಡದಲ್ಲಿ ಬಾಕ್ಸಿಂಗ್ ಆಡುತ್ತಿದ್ದೆ. ಹಾಗಾಗಿ ಹುಡುಗಿ ಈ ಆಟಕ್ಕೆ ಬಿದ್ದದ್ದರ ಪಾಪವೆಲ್ಲ ನಮ್ಮ ಮನೆಯಲ್ಲಿ ನನ್ನ ತಲೆಗೇ ಕಟ್ಟಿದೆ. ಹೋದ ತಿಂಗಳು ಪಂದ್ಯದಲ್ಲಿ ಸೋತು, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮನೆಗೆ ಹೋದ ಮೇಲಂತೂ ನನ್ನ ತಂಗಿ ಫೋನಿನಲ್ಲಿ ನನ್ನ ಹತ್ತಿರ ಸರಿಯಾಗಿ ಮಾತೇ ಆಡಿರಲಿಲ್ಲ. ಇನ್ನು ಮೂರು ವಾರಕ್ಕೆ ಮತ್ತೊಂದು ಪಂದ್ಯ. ಹುಡುಗಿ ಹೋಗುವುದಿಲ್ಲ ಎನ್ನುತ್ತಿದ್ದಳು.

“ಏನಾಯ್ತು ಹೇಳು ಮಗಾ.”

“ಲೀಡ್ ಹುಕ್ ಹೊಡೆಯೋಕೆ ಹೋದೆ. ಅವಳ ಬಲಗೈ ನೆಟ್ಟಗೆ ಮೂಗಿಗೆ ಬಂತು. ಮತ್ತೆ ಹೊಡೆದೆ, ಮತ್ತೆ ಬಂತು. ಆ ಪಂಚೇ ಸರಿ ಇಲ್ಲ ಮಾಮ.”

ಬಾಕ್ಸಿಂಗ್ ನೋಡಿಲ್ಲದ ಮಕ್ಕಳಿಗೆ ಒಂದು ಮಾತು. ಬಲಗೈ ಬಳಕೆಯವರು ರಿಂಗಿನಲ್ಲಿ ಎಡಗಾಲು, ಎಡಗೈ ಮುಂದಿಟ್ಟು ನಿಲ್ಲುತ್ತಾರೆ. ಆ ಮುಂದಿನ ಕೈಯನ್ನು ನೇರ ಚಾಚಿ ಹೊಡೆದರೆ ಜ್ಯಾಬ್. ಅದೇ ಕೈಯನ್ನು ಮೊಳಕೈಯಲ್ಲಿ ಬಾಗಿಸಿ, ಪಕ್ಕದಿಂದ ತಿರುಗಿಸಿ ಹೊಡೆದರೆ ಲೀಡ್ ಹುಕ್. ಹುಕ್ ಅಂದರೆ ಕೊಕ್ಕೆ. ಎದುರಾಳಿ ಮುಖದ ಮುಂದೆ ಎರಡು ಕೈ ಕಟ್ಟಿಕೊಂಡು ನಿಂತಾಗ ನೇರ ಬರುವ ಏಟು ಆ ಕೈಗಳಿಗೇ ಬಡಿಯುತ್ತದೆ. ಕೊಕ್ಕೆ ಮಾತ್ರ ಪಕ್ಕದಿಂದ ಸುತ್ತಿಕೊಂಡು ಬರುತ್ತದೆ.

ಕಡೂರು ಜನ ನೋಡಲು ಬರುವ ಊರಲ್ಲ, ದಾಟಿ ಹೋಗುವ ಊರು. ಚಿಕ್ಕಮಗಳೂರಿನ ಗಿರಿಗೆ ಹೋಗುವವರು ಇಲ್ಲಿ ಇಳಿದು ಬಸ್ಸು ಹಿಡಿಯುತ್ತಾರೆ. 2013ರಿಂದ ಅಲ್ಲಿಗೆ ಇಲ್ಲಿಂದ ರೈಲೂ ಇದೆ. ಆದರೂ 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು ಎಂದು ನೆಂಟರಿಗೆಲ್ಲ ಒಂದು ಸಲ ಹೇಳದೆ ನಾವು ಬಿಡುವುದಿಲ್ಲ. ಅವಳಿಗೂ ಹೇಳಿದೆ. ಅವಳು ಆಕಳಿಸಿದಳು.

ಮರುದಿನ ಬೆಳಿಗ್ಗೆ ಅವಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಗೋಣಿಚೀಲಕ್ಕೆ ತೆಂಗಿನ ನಾರು, ಹಳೇ ಸೀರೆ, ಹರಿದ ಪಂಚೆ ತುಂಬಿ, ಬಾವಿ ಹಗ್ಗದಿಂದ ಮಾವಿನ ಕೊಂಬೆಗೆ ನೇತು ಹಾಕಿದೆವು. ಉಪಾಯ ನನ್ನದಲ್ಲ. ಅಮೆರಿಕದ ಸೌತ್ ಕೆರೊಲಿನಾದ ಬಡ ರೈತನ ಮಗ ಜೋ ಫ್ರೇಜಿಯರ್ ಹುಡುಗನಾಗಿದ್ದಾಗ ಹೀಗೇ ಮಾಡಿಕೊಂಡಿದ್ದ. ಚಿಂದಿ ಬಟ್ಟೆ, ಜೋಳದ ದಿಂಡು ತುಂಬಿದ ಗೋಣಿಚೀಲದ ನಡುವೆ ಒಂದು ಇಟ್ಟಿಗೆ ಇಟ್ಟು ಮರಕ್ಕೆ ಕಟ್ಟಿ ಗುದ್ದುತ್ತಿದ್ದ. (ಇಟ್ಟಿಗೆ ನಾವು ಇಡಲಿಲ್ಲ. ನೀವೂ ಇಡಬೇಡಿ.) ಒಂದು ದಿನ ದೊಡ್ಡ ಹಂದಿಯನ್ನು ಕೋಲಿನಿಂದ ತಿವಿದು ಕೆಣಕಿ, ಅದು ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈ ಮುರಿದುಕೊಂಡ. ವೈದ್ಯರಿಗೆ ಕೊಡಲು ಮನೆಯಲ್ಲಿ ದುಡ್ಡಿರಲಿಲ್ಲ. ಮೂಳೆ ತನ್ನಷ್ಟಕ್ಕೆ ಕೂಡಿಕೊಂಡಿತು, ಕೈ ಮಾತ್ರ ಮತ್ತೆ ಪೂರ್ತಿ ನೆಟ್ಟಗಾಗಲಿಲ್ಲ. ಕೊಕ್ಕೆಯ ಹಾಗೇ ಉಳಿಯಿತು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ, ಹದಿನೈದನೇ ಸುತ್ತಿನಲ್ಲಿ, ಮಹಮ್ಮದ್ ಅಲಿಯನ್ನು ಅಂಗಾತ ಬೀಳಿಸಿದ್ದು ಅದೇ ಎಡಗೈ. ಅಲಿ ಕೂಡಲೇ ಎದ್ದ, ಆದರೆ ಪಂದ್ಯ ಫ್ರೇಜಿಯರ್‌ನದಾಯಿತು.

ಹಂದಿಯ ಕಥೆಗೆ ಅವಳು ನಕ್ಕಳು. ಗ್ಲೌಸು ತಾನೇ ಕೇಳಿ ಹಾಕಿಕೊಂಡಳು.

ಹೊಡೆದದ್ದು ನೋಡಿದೆ. ತಪ್ಪು ಕಾಣುತ್ತಲೇ ಇತ್ತು. ಹೊಡೆಯುವ ಮೊದಲು ಕೈಯನ್ನು ಹಿಂದಕ್ಕೆ ಎಳೆಯುತ್ತಾಳೆ. ಎದುರಿಗಿದ್ದವರಿಗೆ ಪತ್ರ ಬರೆದು ತಿಳಿಸಿದಂತೆ. ಅಷ್ಟರಲ್ಲಿ ಬಲಗೈ ಕೆನ್ನೆ ಬಿಟ್ಟು ಸೊಂಟಕ್ಕೆ ಇಳಿದಿರುತ್ತದೆ. ಏಟೂ ತೋಳಿನದು ಮಾತ್ರ, ಮೈಯದಲ್ಲ.

ನಮ್ಮದು ಹಳೇ ಮನೆ. ಅದರ ಹೆಬ್ಬಾಗಿಲಿಗೆ ಕಬ್ಬಿಣದ ಕೀಲಿಲ್ಲ. ಕದದ ಮೂಲೆಯ ಗೂಟ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತದೆ. ಅವಳನ್ನು ಅದರ ಮುಂದೆ ನಿಲ್ಲಿಸಿ ಕದ ತಳ್ಳಿಸಿದೆ. “ನೋಡು, ಗೂಟ ಇದ್ದಲ್ಲೇ ಇದೆ, ಹಲಗೆ ಪೂರ್ತಿ ಒಟ್ಟಿಗೆ ಬರುತ್ತೆ. ನಿನ್ನ ಎಡಗಾಲಿನ ಮುಂಗಾಲೇ ಗೂಟ. ಹಿಮ್ಮಡಿ ಹೊರಗೆ ತಿರುಗಬೇಕು, ಅದರ ಜೊತೆ ಸೊಂಟ, ಸೊಂಟದ ಜೊತೆ ಹೆಗಲು. ಕೈ ಬಾಗಿದ್ದ ಹಾಗೇ ಇರಲಿ, ಅದನ್ನ ಮೈ ಹೊತ್ತುಕೊಂಡು ಹೋಗುತ್ತೆ.” ಬಲಗೈಗೆ ಟವೆಲಿನ ತುದಿ ಕೊಟ್ಟು ಕೆನ್ನೆಗೆ ಒತ್ತಿ ಹಿಡಿಯಲು ಹೇಳಿದೆ. ಟವೆಲು ಜಾರಿದರೆ ಗಾರ್ಡು ಬಿಟ್ಟಳೆಂದು ಲೆಕ್ಕ. ಮೊದಲ ದಿನ ಟವೆಲು ನೆಲದ ಮೇಲೇ ಹೆಚ್ಚು ಹೊತ್ತು ಇತ್ತು. ಸಂಜೆ ಹೊತ್ತಿಗೆ ಗೋಣಿಚೀಲದ ಸದ್ದು ಬದಲಾಯಿತು. ಪಟ್ ಎನ್ನುತ್ತಿದ್ದದ್ದು ಧಪ್ ಎನ್ನತೊಡಗಿತು.

ಹೇಗೆ ಹೊಡೆಯಬೇಕೆಂಬುದು ಒಂದು ದಿನದ ಪಾಠ. ಯಾವಾಗ ಎಂಬುದು ಹಾಗಲ್ಲ. ಅದಕ್ಕೆ ಮರುದಿನ ಪ್ಯಾಸೆಂಜರ್ ರೈಲು ಹತ್ತಿ, ಬೀರೂರು ದಾಟಿ ಅಜ್ಜಂಪುರಕ್ಕೆ ಹೋದೆವು.

ಅಜ್ಜಂಪುರ ಎಂದರೆ ಅಮೃತ ಮಹಲ್ ದನಗಳ ಊರು. ಇಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಇದ್ದ ‘ಬೆಣ್ಣೆ ಚಾವಡಿ’ಯ ದನಗಳ ವಂಶವಿದು, ಅಮೃತ ಮಹಲ್ ಎಂಬ ಹೆಸರು ಕೊಟ್ಟದ್ದು ಟಿಪ್ಪು ಸುಲ್ತಾನ್. ಹೈದರಾಲಿಯ ಮತ್ತು ಟಿಪ್ಪುವಿನ ತೋಪುಗಾಡಿಗಳನ್ನು ಎಳೆದದ್ದು ಇವೇ ಎತ್ತುಗಳು. ಅವು ಮೇಯಲು ಬಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎನ್ನುತ್ತಾರೆ. ಕಡೂರು, ಬೀರೂರು, ಅಜ್ಜಂಪುರದ ಸುತ್ತ ಈ ಹೆಸರು ಇಂದಿಗೂ ಬಳಕೆಯಲ್ಲಿದೆ.

ದಾರಿ ಬದಿಯಲ್ಲಿ ನಿಂತು ನೋಡಿದೆವು. ಬೂದು ಮೈ, ತೆಳು ಕಾಲು, ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ, ಮೇಲಕ್ಕೆ ಹೋಗಿ ಮತ್ತೆ ಮುಂದಕ್ಕೆ ತಿರುಗುವ ಉದ್ದ ಕೊಂಬು. ತುದಿ ಕಪ್ಪು, ಸೂಜಿಯಷ್ಟು ಚೂಪು. “ಎರಡು ಕಡೆಯೂ ಹುಕ್ಕು!” ಎಂದಳು.

ಅಷ್ಟರಲ್ಲಿ ಎರಡು ಹೋರಿಗಳು ತಕರಾರಿಗೆ ನಿಂತವು. ದೂರದಲ್ಲಿದ್ದಾಗ ಬರೀ ಗುಟುರು, ಕಾಲಿನಿಂದ ಮಣ್ಣು ಕೆರೆಯುವುದು. ಕೊಂಬು ಬೀಸಲಿಲ್ಲ. ಹತ್ತಿರ ಬಂದು ಹಣೆಗೆ ಹಣೆ ಕೊಟ್ಟು ತಳ್ಳಿದವು. ಒಂದು ಕಾಲು ಜಾರಿ ಕತ್ತು ಸಡಿಲಿಸಿದಾಗ ಇನ್ನೊಂದು ಕತ್ತನ್ನು ಒಂದು ಗೇಣು ಪಕ್ಕಕ್ಕೆ ತಿರುಗಿಸಿತು, ಅಷ್ಟೆ. ಸೋತದ್ದು ಮುಖ ತಿರುಗಿಸಿ ನಡೆಯಿತು. ಗೆದ್ದದ್ದು ಅಲ್ಲೇ ಹುಲ್ಲಿಗೆ ಬಾಯಿ ಹಾಕಿತು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ನಾನು ಗುಟುರು ಹಾಕೋ ಜಾಗದಲ್ಲೇ ಕೊಂಬು ಬೀಸಿದೆ” ಎಂದಳು.

ಅದೇ. ಬಾಗಿದ ಕೈ ನೆಟ್ಟಗಿನ ಕೈಗಿಂತ ಮೋಟು. ದೂರದಿಂದ ಕೊಕ್ಕೆ ಹಾಕಿದರೆ ಎದುರಾಳಿಯ ನೇರ ಏಟು ಮೊದಲು ಮುಟ್ಟುತ್ತದೆ. ಜ್ಯಾಬ್ ಹಾಕುತ್ತಾ ಹತ್ತಿರ ಹೋಗಬೇಕು. ಬಲಗೈಯಿಂದ ಹೊಡೆದ ಮರುಕ್ಷಣ ಇನ್ನೂ ಒಳ್ಳೆಯದು, ಮೈ ಆಗಲೇ ಎಡಕ್ಕೆ ತಿರುಗಿ ಬಿಗಿಯಾಗಿರುತ್ತದೆ, ಬಿಟ್ಟರೆ ಸಾಕು. ಎದುರಾಳಿ ಹೊಡೆದ ಕೈಯನ್ನು ಕೆನ್ನೆಗೆ ತರದೆ ಕೆಳಗೆ ಬಿಟ್ಟಾಗಲೂ ಸರಿ. ನುಗ್ಗಿ ಬರುವವರಿದ್ದರೆ ಕೊಕ್ಕೆ ಹಾಕಿ ಅದೇ ಕಾಲಿನ ಮೇಲೆ ತಿರುಗಿ ದಾರಿ ಬಿಟ್ಟುಕೊಡಬಹುದು, ಅವರು ಮುಂದಕ್ಕೆ ಹೋಗಿರುತ್ತಾರೆ. ಇಷ್ಟನ್ನೂ ಅಜ್ಜಂಪುರದ ಒಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ ಹೇಳಿದೆ. ಪಕ್ಕದ ಮೇಜಿನವರು ತಮ್ಮ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡರು.

ತರೀಕೆರೆ ತಲುಪುವ ಮೊದಲು ಅಮೃತಾಪುರ ನೋಡಿದೆವು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ. ಕವಿ ಜನ್ನ ರಚಿಸಿದ ಶಾಸನ ಇಲ್ಲಿದೆ. ಮಂಟಪದ ಹೊರಗೋಡೆಯಲ್ಲಿ ನೂರ ನಲವತ್ತು ಶಿಲ್ಪ ಫಲಕಗಳು: ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕಥೆ ಮತ್ತು ಮಹಾಭಾರತ. ಕೃಷ್ಣನ ಫಲಕಗಳ ಮುಂದೆ ನಿಂತಾಗ ನನಗೆ ಭಾಗವತದ ಮಲ್ಲರ ಕಾಳಗ ನೆನಪಾಯಿತು. ಕಂಸನ ಮಲ್ಲ ಮುಷ್ಟಿಕ ಗುದ್ದಿದಾಗ ಬಲರಾಮ ಅಂಗೈಯಿಂದ ಬಾರಿಸಿ ಅವನನ್ನು ಕೆಡವಿದ. ಕೂಟನೆಂಬ ಇನ್ನೊಬ್ಬನನ್ನು ಎಡ ಮುಷ್ಟಿಯಿಂದ ಮುಗಿಸಿದ.

“ಅಂಗೈಯಲ್ಲಿ ಹೊಡೆದರೆ ಈಗ ಫೌಲು” ಎಂದಳು. ನಿಜ, ಗ್ಲೌಸಿನ ಒಳಭಾಗ ತಾಗಿದ ಕೊಕ್ಕೆಗೆ ಅಂಕವಿಲ್ಲ, ಗೆಣ್ಣುಗಳ ಭಾಗವೇ ತಾಗಬೇಕು. ತಲೆಯ ಹಿಂಭಾಗಕ್ಕಂತೂ ಹೊಡೆಯುವಂತೆಯೇ ಇಲ್ಲ. ಬಲರಾಮನಿಗೆ ರೆಫ್ರಿ ಇರಲಿಲ್ಲ, ಏನು ಮಾಡುವುದು.

ತರೀಕೆರೆಯಲ್ಲಿ ನನ್ನ ದೊಡ್ಡಪ್ಪನ ಮಗನ ಮನೆ. ಬಸ್ಸು ಊರು ಸಮೀಪಿಸುತ್ತಿದ್ದಂತೆ ಹುಡುಗಿ ತರೀಕೆರೆ ಏರಿಯ ಕರಿ ಕುರಿಮರಿಗಳ ನಾಲಿಗೆ ನುಲಿಯನ್ನು ಹತ್ತು ಸಲ ಹೇಳಲು ಹೋಗಿ ಮೂರನೆಯದಕ್ಕೇ ಎಡವಿದಳು. ನಾನು ನಗಲಿಲ್ಲ. ಆ ಮನೆಗೆ ಅವಳನ್ನು ಕರೆದೊಯ್ಯುತ್ತಿದ್ದದ್ದು ಅದೇ ಮೊದಲು.

1991ರಲ್ಲಿ ನಾನು ರಜೆಗೆ ಬಂದಿದ್ದಾಗ ತೋಟದ ಬದುವಿನ ವಿಷಯಕ್ಕೆ ನನಗೂ ಅಣ್ಣನಿಗೂ ಜಗಳವಾಗಿ, ನನ್ನ ಎಡಗೈ ಅವನ ದವಡೆಗೆ ಬಿತ್ತು. ಎರಡು ಹಲ್ಲು ಹೋದವು. ಒಂಬತ್ತು ವರ್ಷ ಮಾತಿರಲಿಲ್ಲ. ದೊಡ್ಡಮ್ಮ ತೀರಿಕೊಂಡ ದಿನ ಹೆಣದ ಮುಂದೆ ಇಬ್ಬರೂ ಅತ್ತು ಸರಿಹೋದೆವು. ಅವನೇ ಮೊದಲು ಕೈ ಎತ್ತಿದ್ದ ಎಂದು ನಮ್ಮ ಮನೆಯಲ್ಲಿ ನಾನು ಹೇಳಿಕೊಂಡು ಬಂದಿದ್ದೆ. ಹುಡುಗಿಗೂ ಕಥೆ ಹಾಗೇ ಗೊತ್ತಿತ್ತು.

ಊಟವಾದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಅಣ್ಣ, “ಏನಮ್ಮಾ, ನಿಮ್ಮ ಮಾಮನ ವಿದ್ಯೆ ನೀನೂ ಕಲಿತಿದ್ದೀಯಂತೆ, ತೋರಿಸು” ಎಂದ. ಅವಳು ಎದ್ದು ನಿಂತು ಗಾಳಿಗೆ ಒಂದು ಕೊಕ್ಕೆ ಹಾಕಿದಳು. ಹಿಮ್ಮಡಿ ತಿರುಗಿತು, ಬಲಗೈ ಕೆನ್ನೆಯಲ್ಲೇ ಇತ್ತು. ಚೆನ್ನಾಗಿತ್ತು.

“ಹೂಂ, ಇದೇ” ಎಂದು ಅಣ್ಣ ಬಾಯಿ ತೆರೆದು ಹಲ್ಲಿನ ಸಂದು ತೋರಿಸಿ ನಕ್ಕ. ಅವಳು ಕೇಳಿಯೇಬಿಟ್ಟಳು: “ದೊಡ್ಡ ಮಾಮ, ನಿಮ್ಮ ಗಾರ್ಡು ಎಲ್ಲಿತ್ತು?”

“ಗಾರ್ಡು ಅಂದ್ರೆ?”

“ಕೈ.”

“ಕೈಯಾ? ಎಲೆಅಡಿಕೆ ಚೀಲದಲ್ಲಿತ್ತು. ಸುಣ್ಣ ಹುಡುಕ್ತಿದ್ದೆ.”

ಅತ್ತಿಗೆ ಒಳಗಿನಿಂದ ಕಾಫಿ ತಂದರು. ಹುಡುಗಿ ನನ್ನ ಮುಖ ನೋಡಿದಳು. ಇಲ್ಲ ಎನ್ನಲು ನನಗಾಗಲಿಲ್ಲ. “ಹೌದು ಮಗಾ, ಅವನು ಕೈ ಎತ್ತಿರಲಿಲ್ಲ” ಎಂದೆ. ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಣ್ಣ ಲೋಟ ಎತ್ತಿಕೊಂಡು, “ಕಾಫಿ ಆರ್ತದೆ, ಕುಡಿ” ಎಂದ.

ಸಂಜೆ ತರೀಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಅವಳು ಅಮ್ಮನಿಗೆ ಫೋನು ಮಾಡಿ ಪಂದ್ಯಕ್ಕೆ ಹೋಗುತ್ತೇನೆಂದು ಹೇಳಿದಳು. ಆ ಕಡೆಯಿಂದ ಬೈಗುಳ ನನಗೂ ಕೇಳಿಸಿತು. ಆಮೇಲೆ ಗ್ಲೌಸನ್ನು ನನ್ನ ಚೀಲದಿಂದ ತೆಗೆದು ತನ್ನದರಲ್ಲಿ ಹಾಕಿಕೊಂಡಳು.

ರೈಲು ಬೀರೂರಿನ ಕಡೆ ಹೊರಟ ಮೇಲೆ, ಕಿಟಕಿಯಾಚೆ ಅಡಿಕೆ ತೋಟಗಳು ಕಪ್ಪಾಗುತ್ತಿರುವಾಗ ಕೇಳಿದಳು:

“ಮಾಮ, ಆ ಚೀಲ ಕೆಳಗೆ ಬಿತ್ತಾ?”

“ಬಿತ್ತು.”

“ಯಾರು ಎತ್ತಿಕೊಟ್ಟರು?”

“ಅತ್ತಿಗೆ” ಎಂದೆ.